ಕುಮಟಾದಿಂದ ಶಿರಸಿಗೆ, ಬೇರೆಯವರ ಕಾರಿನ ಎಡ ಸೀಟಿನಲ್ಲಿ

ಹೆಡ್‌ಬಂದರ ಪೋಲೊ
ಸೋಮವಾರ ರಾತ್ರಿ 9:40

ನಿನ್ನೆಯೇ ಬರೆಯಬೇಕು ಅಂತ ಕೂತೆ, ನಿದ್ದೆ ಬಂತು. ಇವತ್ತು ಬರೆಯುತ್ತಿದ್ದೇನೆ. ಉದ್ದ ಆಗುತ್ತದೆ, ಪುರುಸೊತ್ತು ಇದ್ದವರು ಓದಿ.

ಭಾನುವಾರ ಬೆಳಗ್ಗೆ ಆರೂಕಾಲಿಗೆ ಕುಮಟಾದಲ್ಲಿ ನಾಲ್ಕು ಕಾರು ಸೇರಿದವು. ಎರಡು ವರ್ಷದಿಂದ ಈ ಕಾರಿನ ವೇದಿಕೆಯಲ್ಲಿ ಬರೆದುಕೊಂಡೇ ನಮ್ಮ ಪರಿಚಯ, ಒಬ್ಬರನ್ನೊಬ್ಬರು ಕರೆಯುವುದೂ ಊರು, ಕಾರಿನ ಹೆಸರಿನಿಂದಲೇ, ಮುಖ ನೋಡಿದ್ದು ಇದೇ ಮೊದಲು. ಝೆನ್‌ನವರು ಇಪ್ಪತ್ತೈದರ ಹುಡುಗ ಅಂತ ನಾನು ಗಟ್ಟಿಯಾಗಿ ನಂಬಿದ್ದೆ, ಅವರು ಬರೆಯುವ ಧಾಟಿಯೇ ಹಾಗೆ. ಕಾರಿನಿಂದ ಇಳಿದವರು ನೋಡಿದರೆ ತಲೆ ಪೂರ್ತಿ ಬೆಳ್ಳಗೆ. ಮಗಳ ಮದುವೆಯೂ ಆಗಿದೆಯಂತೆ. ನಾನು ಇಲ್ಲಿ ಅವರಿಗೆ ಎಷ್ಟು ಸಲ 'ಹೋಗೋ ಮಾರಾಯ' ಅಂದಿದ್ದೇನೋ, ನೆನೆಸಿಕೊಂಡರೆ ಈಗಲೂ ನಾಚಿಕೆ ಆಗುತ್ತದೆ.

ನನ್ನ ಪೋಲೊ ಮನೆಯಲ್ಲೇ ಬಿಟ್ಟಿದ್ದೆ. ಬೇಕು ಅಂತಲೇ. ಒಂದು ಲೀಟರ್ ಟಿಎಸ್‌ಐ (ಒಳಗೆ ಗಾಳಿ ಒತ್ತಿ ತುಂಬುವ ಟರ್ಬೊ ಇರುವ ಪೆಟ್ರೋಲ್ ಇಂಜಿನ್), 110 ಪಿಎಸ್ ಶಕ್ತಿ, 175 ನ್ಯೂಟನ್ ಮೀಟರ್ ಟಾರ್ಕ್, ಅಂದರೆ ತಿರುಗಿಸುವ ಬಲ. ವಾರಂಟಿ ಮುಗಿದಿದೆ, ಸ್ಟೇಜ್ ಒನ್ ರಿಮ್ಯಾಪ್‌ಗೆ (ಇಂಜಿನ್ ನಡೆಸುವ ಕಂಪ್ಯೂಟರಿನ ಸಾಫ್ಟ್‌ವೇರ್ ತಿದ್ದಿ ಶಕ್ತಿ ಏರಿಸುವುದು) ಹಣ ಎತ್ತಿಟ್ಟು ಆರು ತಿಂಗಳಾಯಿತು. ಮಾಡಿಸುವ ಮೊದಲು, ಕಾರಿಗೆ ಏನೇನೋ ಮಾಡಿಸಿಕೊಂಡವರ ಪಕ್ಕ ಒಮ್ಮೆ ಕೂತು ನೋಡೋಣ ಅನಿಸಿತು. ಸುಮಾರು 60 ಕಿಲೋಮೀಟರ್ ದಾರಿ, ದೇವಿಮನೆ ಘಟ್ಟ ಹತ್ತಿ ಶಿರಸಿ. ನಿಲ್ಲಿಸಿದಲ್ಲೆಲ್ಲ ನಾನು ಕಾರು ಬದಲಿಸುವುದು ಅಂತ ಮಾತು. ರೇಸ್ ಇಲ್ಲ, ತಿರುವಿನಲ್ಲಿ ಓವರ್‌ಟೇಕ್ ಇಲ್ಲ. ಇದು ಐ20 ಅಕ್ಕ ಹಾಕಿದ ಷರತ್ತು, ಯಾರೂ ಎದುರಾಡಲಿಲ್ಲ.

ಮೊದಲು ಅಂಕೋಲಾದವನ ಸ್ವಿಫ್ಟ್. ಹಳೇ 1.3 ಡೀಸೆಲ್, ರಿಮ್ಯಾಪ್ ಆದದ್ದು. ಕತಗಾಲದ ತನಕ ಅದರಲ್ಲಿ ಹೋದೆ. ಎರಡು ಸಾವಿರ ಆರ್‌ಪಿಎಂ ತನಕ ಏನೂ ಇಲ್ಲ, ಅಂಕೋಲಾದವ ಬೆಲ್ಟು ಸರಿ ಹಾಕಿಕೋ ಅಂದ, ಹಾಕಿಕೊಂಡೆ, ಆಮೇಲೆ ಯಾರೋ ಹಿಂದಿನಿಂದ ಗೋಣಿ ಹಿಡಿದು ನೂಕಿದ ಹಾಗೆ ಆಯಿತು. ನಿಜವಾಗಿ ನಗು ಬಂತು. ಚಿಕ್ಕವನಿದ್ದಾಗ ತೇರಿನ ಪೇಟೆಯ ತೊಟ್ಟಿಲಲ್ಲಿ ಕೂತಾಗ ಬರುತ್ತಿತ್ತಲ್ಲ, ಅಂಥ ನಗು. ಆದರೆ ಹಿಂದೆ ತಿರುಗಿ ನೋಡಿದರೆ ರಸ್ತೆಯೇ ಕಾಣಲಿಲ್ಲ, ಕಪ್ಪು ಹೊಗೆ. ಹಾಲಿನ ಕ್ಯಾನ್ ಕಟ್ಟಿಕೊಂಡು ಸ್ಕೂಟರಿನಲ್ಲಿ ಬರುತ್ತಿದ್ದ ಒಬ್ಬರು ಹೊಗೆಯೊಳಗಿಂದ ಹೊರಗೆ ಬಂದು ನಮ್ಮನ್ನು ನೋಡಿದ ನೋಟ ಇದೆಯಲ್ಲ, ಬೈದಿದ್ದರೆ ವಾಸಿ ಇತ್ತು. ಅಲ್ಲಿಂದ ಮುಂದೆ ಅಂಕೋಲಾದವ ಕಾಲು ಒತ್ತಲೇ ಇಲ್ಲ.

ಕತಗಾಲದಲ್ಲಿ ಚಹಾ. ಅಲ್ಲಿಂದ ಘಟ್ಟ ಹತ್ತಲು ಝೆನ್. ಇದರ ಬಗ್ಗೆ ಎಷ್ಟು ಬರೆದರೂ ಕಡಿಮೆಯೇ. ಝೆನ್‌ಗೆ ಕಂಪನಿ ಕೊಟ್ಟದ್ದು 993 ಸಿಸಿ. ಇದರೊಳಗೆ ಕೂತಿರುವುದು ಮಾರುತಿ ಎಸ್ಟೀಮ್ ಕಾರಿನ 1.3 ಲೀಟರ್ ಇಂಜಿನ್, 85 ಎಚ್‌ಪಿ. ಕಾರಿನ ತೂಕ ಮುಕ್ಕಾಲು ಟನ್ನಿಗೆ ತುಸು ಜಾಸ್ತಿ ಅಷ್ಟೇ. ಟನ್ನಿಗೆ ಎಷ್ಟು ಕುದುರೆ ಅಂತ ಲೆಕ್ಕ ಹಾಕಿದರೆ ನನ್ನ ಟರ್ಬೊ ಪೋಲೊಗಿಂತ ಈ ಮುದುಕನೇ ಮುಂದೆ! ಎಸಿ ಇಲ್ಲ, ಪವರ್ ಸ್ಟೇರಿಂಗ್ ಇಲ್ಲ. ಕಿಟಕಿ ಇಳಿಸಿದರೆ ಡಿಸೆಂಬರಿನ ಚಳಿ, ಕಾಡಿನ ಹಸಿ ವಾಸನೆ, ಇಂಜಿನ್ನಿನ ಸದ್ದು, ಮೂರೂ ಒಟ್ಟಿಗೆ ಒಳಗೆ ಬರುತ್ತವೆ. ಅಣ್ಣ ಘಟ್ಟದಲ್ಲಿ ಎರಡನೇ ಗೇರು, ಮೂರನೇ ಗೇರು, ಅಷ್ಟರಲ್ಲೇ ಆಡುತ್ತಿದ್ದರು. ಮಾತಿಲ್ಲ. ಒಂದು ತಿರುವಿನಲ್ಲಿ ಮಾತ್ರ, 'ಇಲ್ಲಿ ನೋಡು, ಬ್ರೇಕ್ ಮುಟ್ಟೋದಿಲ್ಲ' ಅಂದರು, ಮುಟ್ಟಲಿಲ್ಲ, ಕಾರು ಹಳಿಯ ಮೇಲೆ ಹೋದ ಹಾಗೆ ತಿರುಗಿತು. ಸ್ಪೀಡೋಮೀಟರ್ ನೋಡಿದರೆ 45. ನನಗೆ ಎಂಬತ್ತು ಅನಿಸಿತ್ತು.

ದೇವಿಮನೆ ದೇವಸ್ಥಾನದ ಹತ್ತಿರ ಕೈಮುಗಿದು ಶರಾವತಿಯವರ ಹೋಂಡಾ ಸಿಟಿ ಕಾರು ಹತ್ತಿದೆ. ಹಳೇ ವಿಟೆಕ್ ಇಂಜಿನ್, 1.5 ಲೀಟರ್, 106 ಎಚ್‌ಪಿ. ಎಂಥ ಚಂದದ ಕಾರು! ನೆಲಕ್ಕೆ ಇಷ್ಟು ಹತ್ತಿರ ಇಳಿಸಿದ್ದಾರೆ, ಬಿಳಿ ಅಲಾಯ್ ಬೇರೆ. ಮೇಲಿನ ಆರ್‌ಪಿಎಂಗೆ ಹೋದಾಗ ಇಂಜಿನ್ನಿನ ದನಿಯೇ ಬದಲಾಗುತ್ತದೆ, ಚಂಡೆಗೆ ಮೊದಲ ಪೆಟ್ಟು ಬಿದ್ದ ಹಾಗೆ. ಆದರೆ ಬಂಡಲ ದಾಟಿ ಶಿರಸಿ ಮುಟ್ಟುವುದರೊಳಗೆ ನಾನು ನಾಲ್ಕು ಸಲ ಕಾರಿನಿಂದ ಇಳಿದಿದ್ದೇನೆ. ಹಂಪ್ ಬಂದಾಗೆಲ್ಲ ಎಡಗಡೆಯವ ಇಳಿಯಬೇಕು, ಕಾರು ಓರೆಯಾಗಿ ಹತ್ತಬೇಕು, ಆಮೇಲೆ ನಾನು ಓಡಿ ಹೋಗಿ ಕೂತುಕೊಳ್ಳಬೇಕು. ಒಂದು ಶಾಲೆಯ ಎದುರು ಭಾನುವಾರದ ಕ್ರಿಕೆಟ್ ಆಡುತ್ತಿದ್ದ ಮಕ್ಕಳು ಚಪ್ಪಾಳೆ ತಟ್ಟಿದರು. ಕಾರಿಗಲ್ಲ, ನನಗೆ.

ಶಿರಸಿ ಹತ್ತಿರ ಮಾರುತಿ ಜಿಪ್ಸಿ ಇಟ್ಟುಕೊಂಡವರ ಮನೆ. ತೆಳ್ಳೇವು (ತೆಳು ದೋಸೆ), ಜೋನಿ ಬೆಲ್ಲ, ತುಪ್ಪ. ಎಷ್ಟು ತಿಂದೆ ಅಂತ ಇಲ್ಲಿ ಬರೆಯುವುದಿಲ್ಲ. ಕೊಯ್ಲಿನ ಕಾಲ, ಅಂಗಳ ತುಂಬ ಅಡಿಕೆ. ಅವರ ಜಿಪ್ಸಿಯಲ್ಲಿ ತೋಟಕ್ಕೆ ಇಳಿದದ್ದು ಬೇರೆಯೇ ಕಥೆ, ಅವರೇ ಬರೆಯಲಿ. ನಾನು ಹೇಳುವುದು ಒಂದೇ, ಹಿಂದಿನ ಸೀಟಿನಲ್ಲಿ ಕೂತಿದ್ದೆ, ಈಗಲೂ ಕೂರುವಾಗ ನೆನಪಾಗುತ್ತದೆ.

ವಾಪಸ್ ಬರುವಾಗ ಅಕ್ಕನ ಐ20 ಎನ್ ಲೈನ್. ಇದಕ್ಕೆ ಏನು ಮಾಡಿಸಿದ್ದೀರಿ ಅಂತ ಕೇಳಿದೆ. ಒಳ್ಳೆಯ ಟೈರು, ಬ್ರೇಕ್ ಪ್ಯಾಡು, ಬ್ರೇಕ್ ಆಯಿಲ್ ಅಂದರು. ಅಷ್ಟೇನಾ? ಅಷ್ಟೇ. ಮನಸ್ಸಿನಲ್ಲೇ ಇದೇನು ಮಾಡಿಫೈ ಅಂದುಕೊಂಡೆ. ಘಟ್ಟ ಇಳಿದು ಮುಗಿದ ಮೇಲೆ ಗೊತ್ತಾಯಿತು, ದಾರಿಯುದ್ದಕ್ಕೂ ನಾನು ಮಾವಿನ ಮರ, ಮಗಳ ಶಾಲೆ, ಊರ ಆಟ ಎಲ್ಲ ಮಾತಾಡುತ್ತ ಬಂದಿದ್ದೇನೆ, ಬಾಗಿಲ ಮೇಲಿನ ಹಿಡಿಕೆ ಒಮ್ಮೆಯೂ ಹಿಡಿದಿಲ್ಲ. ಉಳಿದ ಮೂರೂ ಕಾರಿನಲ್ಲಿ ಹಿಡಿದಿದ್ದೆ.

ಈಗ ನನ್ನ ಸ್ಟೇಜ್ ಒನ್ ಹಣದ ಮೇಲೆ ನನಗೇ ಅನುಮಾನ ಬಂದಿದೆ. ಏನು ಹೇಳುತ್ತೀರಿ?

ಅಂಕೋಲಾ ಡೀಸೆಲ್
ಸೋಮವಾರ ರಾತ್ರಿ 10:05

ಹೊಗೆ ವಿಷಯ ಬರೆಯಬೇಡ ಅಂತ ಕೈ ಮುಗಿದು ಕೇಳಿದ್ದೆ. ಬರೆದೆ. ಆಯಿತು, ನಾನೇ ಪೂರ್ತಿ ಹೇಳುತ್ತೇನೆ.

ನನ್ನ ಸ್ವಿಫ್ಟ್ ಕಂಪನಿಯಿಂದ ಬಂದಾಗ 75 ಪಿಎಸ್, 190 ನ್ಯೂಟನ್ ಮೀಟರ್. ರಿಮ್ಯಾಪ್ ಮಾಡಿಸಿದ್ದು ಘಟ್ಟದ ಮೇಲಿನ ಒಂದು ಪೇಟೆಯಲ್ಲಿ, ಹೆಸರು ಬೇಡ. ಲ್ಯಾಪ್‌ಟಾಪ್ ಚುಚ್ಚಿದ, ಮುಕ್ಕಾಲು ಗಂಟೆಯಲ್ಲಿ ಮುಗಿಸಿದ, 'ಅಣ್ಣ ಈಗ ಓಡಿಸಿ ನೋಡಿ' ಅಂದ. ಓಡಿಸಿದೆ, ಖುಷಿಯಾಯಿತು, ಹಣ ಕೊಟ್ಟೆ. ಅವನು ಮಾಡಿದ್ದು ಏನು ಅಂತ ಆಮೇಲೆ ಬೇರೆಯವರಿಗೆ ತೋರಿಸಿದಾಗ ಗೊತ್ತಾಯಿತು. ಸುಮ್ನೆ ಡೀಸೆಲ್ ಜಾಸ್ತಿ ಸುರಿಸಿದ್ದಾನೆ, ಅದನ್ನು ಸುಡಲು ಬೇಕಾದಷ್ಟು ಗಾಳಿ ಇಲ್ಲ. ಸುಡದೆ ಉಳಿದದ್ದು ಹೊಗೆಯಾಗಿ ಹಿಂದಿನವರ ಮುಖಕ್ಕೆ. ಟರ್ಬೊ ಎಷ್ಟು ಗಾಳಿ ಕೊಡುತ್ತದೆ ಅಂತ ಅಳೆದು, ಅದಕ್ಕೆ ತಕ್ಕ ಹಾಗೆ ಡೀಸೆಲ್ ಬಿಡಬೇಕು. ಅದು ಮುಕ್ಕಾಲು ಗಂಟೆಯ ಕೆಲಸ ಅಲ್ಲ.

ಇನ್ನೊಂದು, ಕ್ಲಚ್. 190ಕ್ಕೆ ಮಾಡಿದ ಕ್ಲಚ್ಚಿಗೆ ದಿನಾ ಅದಕ್ಕಿಂತ ಜಾಸ್ತಿ ಕೊಟ್ಟರೆ ಏನಾಗುತ್ತದೆ? ಒಂದೂವರೆ ವರ್ಷಕ್ಕೆ ಮೂರನೇ ಗೇರಿನಲ್ಲಿ ಆರ್‌ಪಿಎಂ ಮಾತ್ರ ಏರುತ್ತಿತ್ತು, ಕಾರು ಏರುತ್ತಿರಲಿಲ್ಲ. ಅರಬೈಲ್ ಘಟ್ಟದಲ್ಲಿ, ಹಿಂದೆ ಮುಂದೆ ಲಾರಿ ಇರುವ ಹೊತ್ತಿಗೆ ಸರಿಯಾಗಿ. ಹೆಂಡತಿ ಒಂದು ಮಾತೂ ಆಡಲಿಲ್ಲ. ಅದೇ ಜಾಸ್ತಿ ಹೆದರಿಕೆ.

ಹಾಗಂತ ಆ ನೂಕು ಇದೆಯಲ್ಲ, ಅದು ಸುಳ್ಳಲ್ಲ. ನೀನು ನಕ್ಕದ್ದು ನಾನು ನೋಡಿದ್ದೇನೆ.

ಶರಾವತಿ ವಿಟೆಕ್
ಸೋಮವಾರ ರಾತ್ರಿ 10:31

ನಾಲ್ಕು ಸಲ ಅಲ್ಲ, ಮೂರು ಸಲ ಇಳಿದದ್ದು. ನಾಲ್ಕನೆಯದು ನೀನು ಮೂತ್ರಕ್ಕೆ ಹೋದದ್ದು.

ಇಳಿಸಿದ್ದು ತಪ್ಪಾಯಿತು ಅಂತ ನನಗೂ ಗೊತ್ತು. ಬರೀ ಸ್ಪ್ರಿಂಗ್ ಕತ್ತರಿಸಿದ್ದು ಅಲ್ಲ, ಚಿಕ್ಕ ಸ್ಪ್ರಿಂಗೇ ತರಿಸಿ ಹಾಕಿದ್ದು, 40 ಮಿಲಿಮೀಟರ್ ಕಡಿಮೆ. ಆದರೆ ಶಾಕ್ ಅಬ್ಸಾರ್ಬರ್ ಹಳೆಯದೇ ಬಿಟ್ಟೆ, ಹಣ ಮುಗಿದಿತ್ತು. ಈಗ ಶಾಕ್ ಅರ್ಧ ಕುಗ್ಗಿಯೇ ಕೂತಿರುತ್ತದೆ, ಗುಂಡಿ ಬಂದರೆ ನೇರ ಸೊಂಟಕ್ಕೆ. ತಿರುವಿನಲ್ಲಿ ಮಾತ್ರ ಮೇಣದ ಹಾಗೆ ಅಂಟಿಕೊಂಡು ಹೋಗುತ್ತದೆ, ರಸ್ತೆ ಸಪಾಟು ಇದ್ದರೆ. ನಮ್ಮ ಜಿಲ್ಲೆಯಲ್ಲಿ ಸಪಾಟು ರಸ್ತೆ ಎಲ್ಲಿದೆ ಹೇಳಿ? ಹೆದ್ದಾರಿ 66ರಲ್ಲಿ ಇದೆ, ಅಲ್ಲಿ ತಿರುವು ಇಲ್ಲ.

ಮತ್ತೆ ಉಪ್ಪು ಗಾಳಿ. ಸಮುದ್ರದಿಂದ ಮನೆ ಒಂದು ಕಿಲೋಮೀಟರ್ ಇಲ್ಲ. ಸ್ಪ್ರಿಂಗಿನ ಮೇಲಿನ ಬಣ್ಣ ಎಲ್ಲಿ ಕಲ್ಲು ತಾಗಿ ಹಾರಿತೋ ಅಲ್ಲಿಂದ ತುಕ್ಕು ಶುರು. ಬಯಲುಸೀಮೆಯವರ ಕಾರು ನೋಡಿ ಆಸೆಪಟ್ಟು ಭಾಗ ತರಿಸುವವರು ಇದನ್ನು ನೆನಪಿಟ್ಟುಕೊಳ್ಳಿ. ಮಳೆಗಾಲ ಮುಗಿದ ಕೂಡಲೇ ಕಾರಿನ ಹೊಟ್ಟೆ ತೊಳೆಸಿ, ಕೆಳಗೆ ಕೋಟಿಂಗ್ ಮಾಡಿಸಿ. ಇದು ಮಾಡಿಫೈಗಿಂತ ಮುಖ್ಯ, ಆದರೆ ಇದರ ಫೋಟೋ ಹಾಕಿದರೆ ಯಾರೂ ಲೈಕ್ ಕೊಡುವುದಿಲ್ಲ.

ಘಟ್ಟದ ಮೇಲಿನ ಮನೆ
ಮಂಗಳವಾರ ಬೆಳಗ್ಗೆ 6:50

ನಾನು ಕಾರಿನ ಹುಚ್ಚಿನವನಲ್ಲ, ಮಗ ಓದುತ್ತಾನೆ ಅಂತ ಇಲ್ಲಿ ಬರುತ್ತೇನೆ. ನಮ್ಮ ಮನೆ ಇರುವುದು ಶಿರಸಿ-ಕುಮಟಾ ರಸ್ತೆಯ ಅಂಚಿಗೆ. ಮೊನ್ನೆ ನೀವು ಹೋದದ್ದು ನಾನು ನೋಡಿದ್ದೇನೆ, ಜಗಲಿಯಲ್ಲೇ ಕೂತಿದ್ದೆ.

ನಿಮ್ಮಿಂದ ತೊಂದರೆ ಆಗಲಿಲ್ಲ, ಅದನ್ನು ಮೊದಲೇ ಹೇಳುತ್ತೇನೆ. ಆದರೆ ರಸ್ತೆ ಅಗಲ ಆದಮೇಲೆ ರಜೆ ಬಂದರೆ ಸಾಕು, ಬೈಕು, ಕಾರು, ಸೈಲೆನ್ಸರ್ ಬಿಚ್ಚಿದ ಹಾಗೆ ಸದ್ದು ಮಾಡಿಕೊಂಡು ಹತ್ತುತ್ತವೆ. ಕಾಡಿನಲ್ಲಿ ಸದ್ದು ಹಾಗೇ ಹೋಗುವುದಿಲ್ಲ, ಗುಡ್ಡಕ್ಕೆ ಬಡಿದು ಎರಡು ಸಲ ಬರುತ್ತದೆ. ಅಮ್ಮನಿಗೆ ಎಂಬತ್ತನಾಲ್ಕು. ಪ್ರತಿ ಸಲ ಎದ್ದು ಕೂರುತ್ತಾಳೆ, 'ಏನೋ ಬಿತ್ತು' ಅನ್ನುತ್ತಾಳೆ. ಮಳೆಗಾಲದಲ್ಲಿ ಗುಡ್ಡ ಕುಸಿಯುವ ಊರು ಇದು. 2024ರ ಜುಲೈಯಲ್ಲಿ ಶಿರೂರಿನಲ್ಲಿ ಆದದ್ದು ಟಿವಿಯಲ್ಲಿ ನೋಡಿದ ಮೇಲೆ ಅವಳಿಗೆ ಯಾವ ದೊಡ್ಡ ಸದ್ದೂ ಅದೇ.

ಕಾರಿನ ಪ್ರೀತಿ ಇರಲಿ. ಸದ್ದು ಯಾಕೆ ಬೇಕು, ಅದೊಂದು ನನಗೆ ಯಾರಾದರೂ ತಿಳಿಸಿ.

ಶರಾವತಿ ವಿಟೆಕ್
ಮಂಗಳವಾರ ಬೆಳಗ್ಗೆ 8:15

ಕೇಳಿದ್ದು ನ್ಯಾಯ. ಉತ್ತರ ಪ್ರಾಮಾಣಿಕವಾಗಿ ಹೇಳುತ್ತೇನೆ ರಾಯರೆ. ಫ್ರೀ ಫ್ಲೋ ಸೈಲೆನ್ಸರ್ (ಹೊಗೆಯನ್ನು ಹೆಚ್ಚು ತಡೆಯದೆ ಬಿಡುವಂಥದ್ದು) ಹಾಕಿದರೆ ಪವರ್ ಏರುತ್ತದೆ ಅನ್ನುತ್ತೇವೆ. ನನ್ನದರಂಥ ಟರ್ಬೊ ಇಲ್ಲದ ಇಂಜಿನ್ನಿಗೆ ಬರೀ ಸೈಲೆನ್ಸರ್ ಬದಲಿಸಿದರೆ ಸಿಗುವುದು ಬೆರಳೆಣಿಕೆಯಷ್ಟು. ಸದ್ದು ಜಾಸ್ತಿ ಆದದ್ದಕ್ಕೆ ವೇಗ ಜಾಸ್ತಿ ಆಯಿತು ಅನಿಸುತ್ತದೆ ಅಷ್ಟೇ. ನಾನೂ ಒಂದು ವರ್ಷ ಹಾಕಿಕೊಂಡಿದ್ದೆ. ಹೊನ್ನಾವರದಿಂದ ಗೇರುಸೊಪ್ಪೆ ತನಕ ಹೋಗಿ ಬರುವುದರೊಳಗೆ ತಲೆ ಸಿಡಿಯುತ್ತಿತ್ತು, ತೆಗೆದೆ. ಈಗ ಮನೆಯ ಹಿಂದೆ ಬಿದ್ದಿದೆ, ಕೋಳಿ ಒಳಗೆ ಇಣುಕಿ ನೋಡುತ್ತದೆ.

ಅಮ್ಮನವರಿಗೆ ನಮಸ್ಕಾರ ಹೇಳಿ.

ನಿವೃತ್ತ ಸ್ಟೇರಿಂಗ್
ಮಂಗಳವಾರ ಬೆಳಗ್ಗೆ 11:20

ಪೋಲೊ ತಮ್ಮಾ, ನೀನು ಘಟ್ಟ ಹತ್ತಿದ್ದನ್ನು ಇಷ್ಟುದ್ದ ಬರೆದೆ, ಇಳಿದದ್ದನ್ನು ನಾಲ್ಕು ಸಾಲಿನಲ್ಲಿ ಮುಗಿಸಿದೆ. ಮೂವತ್ತೊಂದು ವರ್ಷ ಈ ಘಟ್ಟಗಳಲ್ಲಿ ದೊಡ್ಡ ಗಾಡಿ ಓಡಿಸಿದವ ನಾನು. ಹತ್ತುವುದು ಇಂಜಿನ್ನಿನ ಕೆಲಸ, ಇಳಿಯುವುದು ಡ್ರೈವರನ ಕೆಲಸ. ಹತ್ತಿದ ಗೇರಿನಲ್ಲೇ ಇಳಿ ಅಂತ ನಮಗೆ ಹೇಳಿಕೊಡುತ್ತಿದ್ದರು. ಈಗಿನ ಕಾರಿಗೂ ಅದೇ. ಇಂಜಿನ್ ಹಿಡಿದುಕೊಂಡರೆ ಬ್ರೇಕಿಗೆ ಬಿಡುವು ಸಿಗುತ್ತದೆ.

ಆ ಹೆಣ್ಣುಮಗಳು ಬ್ರೇಕ್ ಆಯಿಲ್ ಅಂದಳಲ್ಲ, ಅದನ್ನು ನೀನು ಹಗುರ ಮಾಡಿದೆ. ಆ ಎಣ್ಣೆ ಗಾಳಿಯಲ್ಲಿನ ನೀರು ಹೀರುತ್ತದೆ. ನಮ್ಮ ಕಡೆಯ ಗಾಳಿಯಲ್ಲಿ ನೀರು ಎಷ್ಟು ಅಂತ ಉಪ್ಪಿನ ಡಬ್ಬಿ ಕೇಳಿ ನೋಡು. ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ಹೊಸತಿದ್ದಾಗ ಕನಿಷ್ಠ 230 ಡಿಗ್ರಿ ತನಕ ಕುದಿಯಬಾರದು. ನೀರು ಕುಡಿದ ಮೇಲೆ ಆ ಅಳತೆ 155ಕ್ಕೆ ಇಳಿಯುತ್ತದೆ. ಘಟ್ಟದಲ್ಲಿ ಬ್ರೇಕ್ ಒತ್ತುತ್ತಲೇ ಇಳಿದರೆ ಅಷ್ಟು ಬಿಸಿ ದೊಡ್ಡದಲ್ಲ. ಎಣ್ಣೆ ಕುದಿದರೆ ಪೆಡಲ್ ಹಲಗೆಗೆ ಹೋಗಿ ಮುಟ್ಟುತ್ತದೆ, ಕಾರು ನಿಲ್ಲುವುದಿಲ್ಲ. ಎರಡು ವರ್ಷಕ್ಕೊಮ್ಮೆ ಬದಲಿಸಬೇಕು. ನಿನ್ನದು ಯಾವಾಗ ಬದಲಿಸಿದ್ದು?

ಹೆಡ್‌ಬಂದರ ಪೋಲೊ
ಮಂಗಳವಾರ ಬೆಳಗ್ಗೆ 11:34

ಕಾಕಾ, 2021ರಲ್ಲಿ. ಅಂದರೆ ಕಾರು ಕೊಂಡಾಗ ಇದ್ದದ್ದೇ.

ನಿವೃತ್ತ ಸ್ಟೇರಿಂಗ್
ಮಂಗಳವಾರ ಬೆಳಗ್ಗೆ 11:36

ಸ್ಟೇಜ್ ಒನ್ ಅಂತೆ.

ಅಕ್ಕನ ಐ20
ಮಂಗಳವಾರ ಮಧ್ಯಾಹ್ನ 1:45

ಕೋರ್ಟಿನಲ್ಲಿ ಊಟದ ಬಿಡುವು, ಅದಕ್ಕೆ ಈಗ ಬರೆಯುತ್ತಿದ್ದೇನೆ. ಕಾಕಾ ಬಯ್ದದ್ದು ನೋಡಿ ನಕ್ಕುಬಿಟ್ಟೆ, ಪಕ್ಕದ ಟೇಬಲ್ಲಿನವರು ತಿರುಗಿ ನೋಡಿದರು.

ನನ್ನ ಕಾರು ಕಂಪನಿಯಿಂದಲೇ 120 ಪಿಎಸ್, 172 ನ್ಯೂಟನ್ ಮೀಟರ್, ನಾಲ್ಕೂ ಚಕ್ರಕ್ಕೆ ಡಿಸ್ಕ್ ಬ್ರೇಕು. ನನಗೆ ಅದು ಧಾರಾಳ. ರಿಮ್ಯಾಪ್ ಕೆಟ್ಟದ್ದು ಅಂತ ನಾನು ಅನ್ನುವುದಿಲ್ಲ. ಟರ್ಬೊ ಪೆಟ್ರೋಲಿಗೆ ಸರಿಯಾದವರು ಮಾಡಿದರೆ ಅದು ನಿಜಕ್ಕೂ ಕೆಲಸ ಮಾಡುತ್ತದೆ. ಟರ್ಬೊದ ಒತ್ತಡ, ಪೆಟ್ರೋಲು, ಕಿಡಿ ಹಾರುವ ಹೊತ್ತು, ಮೂರನ್ನೂ ಒಟ್ಟಿಗೆ ತಿದ್ದಿ ಮಾಡುವ ಕೆಲಸ ಅದು. ಆದರೆ ಹೆಚ್ಚು ಆಕ್ಟೇನಿನ ಪೆಟ್ರೋಲಿಗೆ ಅಂತ ಮಾಡಿಸಿಕೊಂಡು ಬಂಕಿನಲ್ಲಿ ಅದಕ್ಕಿಂತ ಕಡಿಮೆ ಆಕ್ಟೇನಿನದು ಹಾಕಿಸಿದರೆ ಇಂಜಿನ್ ಟಕಟಕ ಅನ್ನುತ್ತದೆ. ಅದೂ ಗೊತ್ತಿರಲಿ.

ಇನ್ನು ಯಾರೂ ಮಾತೆತ್ತದ ವಿಷಯ, ಕಾನೂನು. ನೀವೆಲ್ಲ ತಪ್ಪಿಸಿಕೊಂಡು ತಿರುಗುತ್ತೀರಿ ಅಂತ ಗೊತ್ತು, ಆದರೂ ಹೇಳುತ್ತೇನೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ. ಕಂಪನಿ ಮೂಲದಲ್ಲಿ ಹೇಳಿದ ವಿವರಕ್ಕೂ ಆರ್‌ಸಿಯಲ್ಲಿನ ವಿವರಕ್ಕೂ ವ್ಯತ್ಯಾಸ ಬರುವ ಹಾಗೆ ಗಾಡಿ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಗಟ್ಟಿ ಮಾಡಿ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ 182ಎ ಬಂತು. ಮಾಲೀಕನಿಗೆ ಒಂದೊಂದು ಮಾರ್ಪಾಡಿಗೆ 5,000 ರೂಪಾಯಿ ದಂಡ, ಅಥವಾ 6 ತಿಂಗಳ ತನಕ ಜೈಲು, ಅಥವಾ ಎರಡೂ. ಒಂದೊಂದಕ್ಕೆ ಅಂತ ಇದೆ, ನೋಡಿಕೊಳ್ಳಿ. ಬಣ್ಣ ಬದಲಿಸಿದರೂ ಆರ್‌ಸಿಯಲ್ಲಿ ಬರೆಸಬೇಕು.

ದಂಡಕ್ಕಿಂತ ನನಗೆ ಹೆದರಿಕೆ ಇನ್ಶುರೆನ್ಸಿನದು. ನಮ್ಮ ಝೆನ್ ಅಣ್ಣ ಬೇಜಾರು ಮಾಡಿಕೊಳ್ಳಬಾರದು. ಆರ್‌ಸಿಯಲ್ಲಿ 993 ಸಿಸಿ, ಬಾನೆಟ್ ಎತ್ತಿದರೆ ಬೇರೆ ಇಂಜಿನ್, ಬೇರೆ ನಂಬರು. ನಾಳೆ ಯಾರಿಗಾದರೂ ತಾಗಿತು ಅಂದುಕೊಳ್ಳಿ. ಆಮೇಲೆ ಹತ್ತು ವರ್ಷ ನಮ್ಮಂಥವರ ಆಫೀಸಿಗೆ ಅಲೆಯುವುದೇ ಕೆಲಸ.

ಕಾಳಿ ದಂಡೆ ಝೆನ್
ಮಂಗಳವಾರ ರಾತ್ರಿ 8:50

ಬೇಜಾರಿಲ್ಲ. ಎರಡು ಸಲ ಓದಿದೆ.

ಈ ಕಾರು ನಾನು ಮಾಡಿಸಿದ್ದಲ್ಲ. ಕೊಳ್ಳುವಾಗಲೇ ಹಾಗೆ ಇತ್ತು. ಮೊದಲಿನವರು ಮಾರುವಾಗ ಹಳೇ ಇಂಜಿನ್ನನ್ನೂ ಜೊತೆಗೇ ಕೊಟ್ಟರು, ಟೆಂಪೋ ಮಾಡಿ ತಂದು ಮನೆಯ ಹಿಂದಿನ ಶೆಡ್ಡಿನಲ್ಲಿ ಗೋಣಿ ಮುಚ್ಚಿ ಇಟ್ಟೆ. ಮುಂದಿನ ತಿಂಗಳು ಹಾಕಿಸುತ್ತೇನೆ ಅಂದುಕೊಂಡು ಎಷ್ಟೋ ವರ್ಷ ಆಯಿತು. ಒಮ್ಮೆ ಓಡಿಸಿದ ಮೇಲೆ ಮನಸ್ಸು ಬರಲಿಲ್ಲ.

ಬೆಳಗ್ಗೆ ಐದಕ್ಕೆ ಎದ್ದು ಸದಾಶಿವಗಡ ದಾಟಿ ಮಾಜಾಳಿ ತನಕ ಹೋಗಿ ಬರುವುದು ನನ್ನ ಅಭ್ಯಾಸ. ಕಾಳಿ ನದಿಯ ಹಳೇ ಸೇತುವೆ 2024ರ ಆಗಸ್ಟಿನಲ್ಲಿ ಬಿದ್ದಿತಲ್ಲ, ಅದರ ಹಿಂದಿನ ದಿನ ಬೆಳಗ್ಗೆಯೂ ಅದರ ಮೇಲೆ ಹೋಗಿದ್ದೆ. ಹೆಂಡತಿ ಅವತ್ತಿನಿಂದ ನಾನು ಹೊರಟರೆ ಎದ್ದು ಬಾಗಿಲಿಗೆ ಬಂದು ನಿಲ್ಲುತ್ತಾಳೆ. ಮೊದಲೆಲ್ಲ ಮಲಗಿಯೇ ಇರುತ್ತಿದ್ದಳು. ಅಕ್ಕ ಬರೆದದ್ದನ್ನು ಅವಳಿಗೆ ಓದಿ ಹೇಳಿದೆ. ಏನೂ ಅನ್ನಲಿಲ್ಲ, ಟಾರ್ಚ್ ತಂದು ಕೈಗೆ ಕೊಟ್ಟಳು, ಶೆಡ್ಡಿನಲ್ಲಿ ಲೈಟ್ ಇಲ್ಲ ಅಂತ.

ತೋಟದ ಜಿಪ್ಸಿ
ಮಂಗಳವಾರ ರಾತ್ರಿ 9:30

ಅಡಿಕೆ ಸುಲಿಯುವವರಿಗೆ ಊಟ ಬಡಿಸಿ ಈಗ ಕೂತೆ. ಅಣ್ಣ, ಆ 1.3 ತೆಗೆದರೆ ನನಗೆ ಕೊಡಿ, ನನ್ನ ಜಿಪ್ಸಿಯಲ್ಲಿ ಇರುವುದೂ ಅದರ ಅಣ್ಣತಮ್ಮನೇ, 1298 ಸಿಸಿ. ಬಿಡಿಭಾಗಕ್ಕೆ ಆಗುತ್ತದೆ.

ಪೋಲೊದವನ ಸೊಂಟದ ವಿಷಯ. ಮೊದಲೇ ಹೇಳಿದ್ದೆ, ಮುಂದೆ ಕೂತುಕೋ ಅಂತ. ಜಿಪ್ಸಿಗೆ ಮುಂದೂ ಹಿಂದೂ ಪ್ಲೇಟು ಸ್ಪ್ರಿಂಗು, ಭಾರ ಹೊರಲಿಕ್ಕೆ ಇರುವುದು, ಮನುಷ್ಯರಿಗೆ ಅಲ್ಲ. ಎರಡು ಕ್ವಿಂಟಲ್ ಹೇರಿದರೆ ಹಂಸತೂಲಿಕಾತಲ್ಪ.

ಇದಕ್ಕೆ ನಾನು ಮಾಡಿಸಿದ್ದು ಏನು ಅಂತ ಕೇಳಿದರು. ಚಕ್ರದ ಲಾಕು, ಒಳ್ಳೆಯ ಮಣ್ಣಿನ ಟೈರು, ಎಳೆಯಲು ಹಿಂದೆ ಮುಂದೆ ಗಟ್ಟಿ ಕೊಂಡಿ. ಆಗಸ್ಟಿನಲ್ಲಿ ನಮ್ಮ ತೋಟದ ದಾರಿಯಲ್ಲಿ ಟ್ರ್ಯಾಕ್ಟರ್ ಹೂತಾಗ ಎಳೆದದ್ದು ಇದೇ. ಅಪ್ಪನ ಕಾಲದಲ್ಲಿ ಮನೆಯಲ್ಲಿ ಮಹೀಂದ್ರ ಜೀಪ್ ಇತ್ತು, ಪೂಜೋ ಡೀಸೆಲ್ ಇಂಜಿನ್ನಿನದು. ಮದುವೆಗೆ, ಹೆರಿಗೆಗೆ, ಅಡಿಕೆಗೆ, ಯಕ್ಷಗಾನಕ್ಕೆ, ಎಲ್ಲದಕ್ಕೂ ಅದೊಂದೇ. ಒಂದು ಜೀಪಿನಲ್ಲಿ ಹದಿನಾರು ಜನ ಕೂತು ಆಟಕ್ಕೆ ಹೋದದ್ದು ನನಗೆ ನೆನಪಿದೆ, ಅದರಲ್ಲಿ ಇಬ್ಬರು ಬಾನೆಟ್ಟಿನ ಮೇಲೆ. ಅಪ್ಪ ಅದರ ಟಾಪು ತಾನೇ ಕೂತು ಹೊಲಿಸಿದ್ದ, ಸೀಟು ಬಡಗಿಯ ಹತ್ತಿರ ಮಾಡಿಸಿದ್ದ. ಅದಕ್ಕೆ ಯಾರೂ ಮಾಡಿಫೈ ಅನ್ನಲಿಲ್ಲ. ಬೇಕಾದ್ದು ಮಾಡಿಕೊಂಡರು ಅಷ್ಟೇ.

ಮತ್ತೆ, ಅವನು ತಿಂದದ್ದು ಹನ್ನೊಂದು ತೆಳ್ಳೇವು. ನನ್ನ ಹೆಂಡತಿ ಎಣಿಸಿದ್ದಾಳೆ.

ಭಟ್ಕಳ ಬಾನೆಟ್
ಮಂಗಳವಾರ ರಾತ್ರಿ 11:10

ತಡವಾಗಿ ಬಂದೆ. ಭಾನುವಾರ ಬರಲಾಗಲಿಲ್ಲ, ನನ್ನ ಕಾರು ಇನ್ನೂ ಗ್ಯಾರೇಜಿನಲ್ಲೇ. ಯಾಕೆ ಅಂತ ಹೇಳಿದರೆ ಪೋಲೊದವರಿಗೆ ಉಪಯೋಗ ಆದೀತು.

ಏಪ್ರಿಲಿನಲ್ಲಿ ಕೋಲ್ಡ್ ಏರ್ ಇಂಟೇಕ್ ಹಾಕಿಸಿದೆ. ಬಾನೆಟ್ಟಿನ ಒಳಗಿನ ಬಿಸಿ ಗಾಳಿ ಬೇಡ, ಕೆಳಗೆ ಬಂಪರಿನ ಹಿಂದಿನಿಂದ ತಣ್ಣಗಿನ ಗಾಳಿ ಎಳೆಯುತ್ತದೆ, ಹಾಗಾಗಿ ಇಂಜಿನ್ ಚುರುಕು. ಸರಿ. ಹಾಕಿದವರು ಬೇರೆ ಊರಿನವರು, ಅಲ್ಲಿ ಮಳೆ ಅಂದರೆ ಒಂದು ಗಂಟೆ. ಜುಲೈಯಲ್ಲಿ ಹೆದ್ದಾರಿಯ ಪಕ್ಕದ ಸರ್ವಿಸ್ ರಸ್ತೆಯಲ್ಲಿ ನೀರು ನಿಂತಿತ್ತು, ಮೊಣಕಾಲಿಗಿಂತ ಕಡಿಮೆ. ನನ್ನ ಮುಂದೆ ಒಂದು ಆಲ್ಟೊ ಆರಾಮಾಗಿ ದಾಟಿ ಹೋಯಿತು. ನಾನು ಅದರ ಹಿಂದೆ ಹೋದೆ. ನಡುನೀರಿನಲ್ಲಿ ಟಕ್ ಅಂತ ಒಂದು ಸದ್ದು, ಇಂಜಿನ್ ನಿಂತಿತು.

ಅಲ್ಲಿಗೆ ಬಿಟ್ಟಿದ್ದರೆ ಬದುಕುತ್ತಿತ್ತೋ ಏನೋ. ಮತ್ತೆ ಸ್ಟಾರ್ಟ್ ಮಾಡಿದೆ. ಅದು ಮಾಡಬಾರದಿತ್ತು. ಗಾಳಿಯನ್ನು ಒತ್ತಬಹುದು, ನೀರನ್ನು ಒತ್ತಲಾಗುವುದಿಲ್ಲ. ಸಿಲಿಂಡರಿನಲ್ಲಿ ನೀರು ತುಂಬಿದ ಮೇಲೆ ಪಿಸ್ಟನ್ ಮೇಲೆ ಬಂದರೆ ಬಾಗುವುದು ಕನೆಕ್ಟಿಂಗ್ ರಾಡ್. ಎರಡು ರಾಡ್ ಬಾಗಿತ್ತು. ಇನ್ಶುರೆನ್ಸಿನಲ್ಲಿ ಇಂಜಿನ್ ರಕ್ಷಣೆ ಅಂತ ಬೇರೆ ಹಣ ಕಟ್ಟಬೇಕಿತ್ತಂತೆ, ಕಟ್ಟಿರಲಿಲ್ಲ. ಖರ್ಚು ಎಷ್ಟು ಅಂತ ಇಲ್ಲಿ ಬರೆದರೆ ಮನೆಯವರಿಗೆ ಗೊತ್ತಾಗುತ್ತದೆ, ತಮ್ಮ ಇಲ್ಲಿ ಓದುತ್ತಾನೆ.

ಕಂಪನಿಯವರು ಗಾಳಿ ಎಳೆಯುವ ಬಾಯಿಯನ್ನು ಮೇಲೆ ಇಟ್ಟದ್ದು ಸುಮ್ನೆ ಅಲ್ಲ. ನೀವು ಆ ಆಲ್ಟೊ ನೋಡಬೇಕಿತ್ತು, ಹಾರ್ನ್ ಬೇರೆ ಹೊಡೆದುಕೊಂಡು ಹೋಯಿತು.

ಅಂಕೋಲಾ ಡೀಸೆಲ್
ಬುಧವಾರ ಬೆಳಗ್ಗೆ 7:40

ಭಟ್ಕಳ ಅಣ್ಣ, ಓದಿ ಹೊಟ್ಟೆ ತಣ್ಣಗಾಯಿತು ಅಂದರೆ ತಪ್ಪು ತಿಳಿಯಬೇಡಿ, ನನಗಿಂತ ದೊಡ್ಡ ಮೂರ್ಖ ಒಬ್ಬ ಇದ್ದಾನೆ ಅಂತ.

ಭಟ್ಕಳ ಬಾನೆಟ್
ಬುಧವಾರ ಬೆಳಗ್ಗೆ 7:52

ಇದ್ದಾನೆ. ಕಾರು ಬಂದಮೇಲೆ ನಿನ್ನ ಹೊಗೆಯ ಹಿಂದೆ ಬರುವುದಿಲ್ಲ ಅಷ್ಟೇ.

ಹೆಡ್‌ಬಂದರ ಪೋಲೊ
ಗುರುವಾರ ರಾತ್ರಿ 9:15

ಎಲ್ಲರದ್ದೂ ಓದಿದೆ. ನಿನ್ನೆ ಬ್ರೇಕ್ ಆಯಿಲ್ ಬದಲಿಸಿದೆ, ಕಾಕಾ. ಹಳೆಯದು ಕಷಾಯದ ಬಣ್ಣಕ್ಕೆ ಬಂದಿತ್ತು. ಫೋಟೋ ಹಾಕುವುದಿಲ್ಲ, ಬಯ್ಯುತ್ತೀರಿ.

ಇವತ್ತು ಟೈರ್ ನೋಡಿದೆ. ಈಗ ಇರುವುದು 185/60 ಆರ್15 (185 ಮಿಲಿಮೀಟರ್ ಅಗಲ, ಪಕ್ಕದ ಎತ್ತರ ಅದರ ಶೇಕಡಾ 60, ರಿಮ್ 15 ಇಂಚು), ಹೊರಗಿನ ವ್ಯಾಸ ಲೆಕ್ಕ ಹಾಕಿದರೆ 603 ಮಿಲಿಮೀಟರ್. 195/60 ಹಾಕಿದರೆ 615. ಅಂದರೆ ಶೇಕಡಾ 2 ಜಾಸ್ತಿ. ಮೀಟರಿನಲ್ಲಿ 80 ತೋರಿಸುವಾಗ ನಿಜವಾಗಿ 81 ಚಿಲ್ಲರೆ ಹೋಗುತ್ತಿರುತ್ತೇನೆ. ಈಗಿನ ರಿಮ್ಮಿಗೇ ಕೂರುತ್ತದೆ ಅಂದ ಟೈರಿನವನು. ಆದರೆ ಅಕ್ಕ ಫೋನಿನಲ್ಲಿ ಕೇಳಿದರು, ಅಗಲ ಯಾಕೆ, ಅದೇ ಸೈಜಿನಲ್ಲಿ ಒಳ್ಳೆಯದು ತೆಗೆದುಕೊಂಡರೆ ಆಗುವುದಿಲ್ಲವಾ ಅಂತ. ಮಳೆಯಲ್ಲಿ ತೆಳ್ಳಗಿನ ಟೈರು ನೀರು ಸೀಳಿಕೊಂಡು ಹೋಗುತ್ತದೆ, ಅಗಲದ್ದು ಬೇಗ ತೇಲುತ್ತದೆ. ನಾಲ್ಕು ತಿಂಗಳು ಮಳೆ ಸುರಿಯುವ ಊರಿನಲ್ಲಿ ಕೂತು ಇದು ನನಗೆ ಹೊಳೆಯಲಿಲ್ಲ ನೋಡಿ. ಅದೇ ಸೈಜಿಗೆ ಹೇಳಿ ಬಂದೆ.

ಉಳಿದ ಹಣ ಹಾಗೇ ಇದೆ. ಸ್ಟೇಜ್ ಒನ್ ಬೇಡ ಅಂತ ಬರೆದುಕೊಡುವುದಿಲ್ಲ. ಸ್ವಿಫ್ಟಿನಲ್ಲಿ ಬಂದ ಆ ನಗು ಇನ್ನೂ ಒಳಗೇ ಇದೆ.

ಘಟ್ಟದ ಮೇಲಿನ ಮನೆ
ಶುಕ್ರವಾರ ಬೆಳಗ್ಗೆ 6:30

ಮುಂದಿನ ಸಲ ಬರುವಾಗ ಹಾರ್ನ್ ಹೊಡೆಯದೆ ನಿಲ್ಲಿಸಿ, ಆಸರಿಗೆ ಕುಡಿದು ಹೋಗಿ. ಮಗನಿಗೆ ಆ ಬಿಳಿ ಅಲಾಯ್ ಸಿಟಿ ಹತ್ತಿರದಿಂದ ನೋಡಬೇಕಂತೆ. ಅಮ್ಮನಿಗೂ ಹೇಳಿಟ್ಟಿದ್ದೇನೆ. ನಮ್ಮ ಅಂಗಳಕ್ಕೆ ಬರುವಲ್ಲಿ ಹಂಪ್ ಇಲ್ಲ, ಒಂದು ದರೆ (ಕಡಿದಾದ ಮಣ್ಣಿನ ದಿಬ್ಬ) ಇದೆ.

ಶರಾವತಿ ವಿಟೆಕ್
ಶುಕ್ರವಾರ ಬೆಳಗ್ಗೆ 7:05

ಬರುತ್ತೇನೆ ರಾಯರೆ. ದರೆ ಇದ್ದರೆ ಪೋಲೊದವನನ್ನು ಇಳಿಸುತ್ತೇನೆ.

ಕಾಳಿ ದಂಡೆ ಝೆನ್
ಶುಕ್ರವಾರ ರಾತ್ರಿ 8:20

ಗೋಣಿ ತೆಗೆದೆ. 993 ಗಟ್ಟಿಯಾಗಿಯೇ ಇದೆ, ಕೈಯಲ್ಲಿ ತಿರುಗಿಸಿದರೆ ತಿರುಗುತ್ತದೆ, ಕಚ್ಚಿಕೊಂಡಿಲ್ಲ. ಆದರೆ ಗಾಳಿ ಹೋಗುವ ಕೊಳವೆಯಲ್ಲಿ ಇಲಿ ಗೂಡು ಕಟ್ಟಿದೆ. ನನ್ನ ಹಳೇ ಲುಂಗಿಯ ಚೂರು, ಒಂದಷ್ಟು ತೆಂಗಿನ ನಾರು, ಮಗಳ ಮದುವೆಯ ಕರೆಯೋಲೆಯ ಒಂದು ತುಂಡು. ಯಾರಾದರೂ ಮೆಕ್ಯಾನಿಕ್ ಕರೆದುಕೊಂಡು ಬನ್ನಿ. ಇಂಜಿನ್ ಎತ್ತಲು ನಾಲ್ಕು ಜನವೂ ಬೇಕು. ಬರುವ ಭಾನುವಾರ ಯಾರಿಗೆ ಬಿಡುವಿದೆ?

ಅಂಕೋಲಾ ಡೀಸೆಲ್
ಶುಕ್ರವಾರ ರಾತ್ರಿ 8:24

ನಾನು ಮತ್ತು ನಮ್ಮ ಮೆಕ್ಯಾನಿಕ್. ಚೈನ್ ಪುಲ್ಲಿ ತರುತ್ತೇವೆ.

ತೋಟದ ಜಿಪ್ಸಿ
ಶುಕ್ರವಾರ ರಾತ್ರಿ 8:41

ಅಡಿಕೆ ಒಣಗಿಸುವುದು ಬಿಟ್ಟು ಬರುತ್ತೇನೆ, 1.3 ಹೇರಿಕೊಂಡು ಬರಲು ಜಿಪ್ಸಿಯಲ್ಲಿ. ಊಟಕ್ಕೆ ಏನಿದೆ ಅಣ್ಣ?

ಕಾಳಿ ದಂಡೆ ಝೆನ್
ಶುಕ್ರವಾರ ರಾತ್ರಿ 8:43

ಬಂಗಡೆ.

ತೋಟದ ಜಿಪ್ಸಿ
ಶುಕ್ರವಾರ ರಾತ್ರಿ 8:44

ಬುತ್ತಿ ಕಟ್ಟಿಸಿಕೊಂಡು ಬರುತ್ತೇನೆ.

ಹೆಡ್‌ಬಂದರ ಪೋಲೊ
ಶುಕ್ರವಾರ ರಾತ್ರಿ 8:45

ತೆಳ್ಳೇವಾ? ಎಷ್ಟು?